ಮರಳು, ಕಡತ, ಪರದೆ: ಅಕ್ಷರದಾಸೋಹದ ಸಾಧನಗಳು



ಪಾಠಶಾಲೆಗಳಿಗೆ ಗಣಕಯಂತ್ರ, ಪರದೆಗಳು ಬಂದುದನ್ನು ಕಂಡು ಕೆಲವರು ಹಿಗ್ಗುತ್ತಾರೆ. ಹಿಂದಿನ ಕಾಲವೇ ಲೇಸೆಂದು ಕೆಲವರು ಹಲುಬುತ್ತಾರೆ. ಉಭಯರೂ ಇತಿಹಾಸವನ್ನು ಒಮ್ಮೆ ಅವಲೋಕಿಸುವುದು ಒಳಿತು.

ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ ೧೮೨೩ರಲ್ಲಿ ತನ್ನ ಜಿಲ್ಲೆಯ ಶಾಲೆಗಳನ್ನು ಕುರಿತು ವರದಿಯೊಂದನ್ನು ಸಲ್ಲಿಸಿದನು. ಮಗು ಮೊದಲು ನೆಲದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುತ್ತಿತ್ತು. ಕೈ ಪಳಗಿದ ಮೇಲೆ ತಾಳೆಯೋಲೆ, ಕಾಗದ, ಹಲಗೆ ಅಥವಾ ಕಡತ. ಹಲಗೆಗೆ ಅನ್ನ ಮತ್ತು ಇದ್ದಿಲಪುಡಿಯನ್ನು ಬಳಿಯುತ್ತಿದ್ದರು; ಗಂಜಿ ಹಾಕಿ ಮಡಿಸಿದ ಬಟ್ಟೆಗೆ ಇದ್ದಿಲು, ಅಂಟುಗಳ ಲೇಪ ಕೊಟ್ಟರೆ ಕಡತ. ಬಳಪದಿಂದ ಬರೆದು ಒದ್ದೆಬಟ್ಟೆಯಿಂದ ಒರೆಸಿದರಾಯಿತು. ಲಿಂಗಧಾರಿಗಳ ಮಕ್ಕಳು ಬಸವಪುರಾಣ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣಗಳನ್ನು ಓದುತ್ತಿದ್ದರೆಂದೂ ವರದಿ ತಿಳಿಸುತ್ತದೆ.

ಈ ಪದ್ಧತಿ ಕಡಲನ್ನೂ ದಾಟಿತು. ಮದರಾಸಿನ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಆ್ಯಂಡ್ರೂ ಬೆಲ್, ದೇಶೀಯ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನಲ್ಲಿಯೂ ಅಳವಡಿಸಿಕೊಂಡನು. ೧೭೯೭ರಲ್ಲಿ ಲಂಡನ್ನಿನಲ್ಲಿ ಅದನ್ನು ಕುರಿತು ಪುಸ್ತಕ ಪ್ರಕಟಿಸಿದನು. ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೆ ಮರಳಿನ ತಟ್ಟೆ ಬಂದಿತು. ಇದು ನಮಗೆ ಅಭಿಮಾನದ ಸಂಗತಿಯೇ ಸರಿ.

ಆದರೆ ಅದೇ ವರದಿಯ ಅಂಕಿಗಳನ್ನೂ ನೋಡಬೇಕು. ೯,೨೭,೮೫೭ ಜನಸಂಖ್ಯೆಯ ಜಿಲ್ಲೆಯಲ್ಲಿ ೫೩೩ ಶಾಲೆಗಳು, ೬,೬೪೧ ವಿದ್ಯಾರ್ಥಿಗಳು. ಅವರಲ್ಲಿ ಬಾಲಿಕೆಯರು ಕೇವಲ ೬೦! ಮರಳಿಗೆ ಕಾಸು ಬೇಡ, ಇದ್ದಿಲಿಗೆ ಬೆಲೆಯಿಲ್ಲ. ಆದರೂ ಬಾಗಿಲು ತೆರೆಯಲಿಲ್ಲ. ಬಡತನವು ಮಕ್ಕಳನ್ನು ದುಡಿಮೆಗೆ ಎಳೆಯಿತು. ಹೆಣ್ಣುಮಕ್ಕಳನ್ನು ಸಮಾಜವೇ ತಡೆಯಿತು. ಸಾಧನ ಸುಲಭವಾದ ಮಾತ್ರಕ್ಕೆ ವಿದ್ಯೆ ಸರ್ವರದಾಗಲಿಲ್ಲ.

ಸಾಧನ ನೂತನವಾದ ಮಾತ್ರಕ್ಕೂ ಆಗುವುದಿಲ್ಲ. ೧೯೭೫ರ ಆಗಸ್ಟಿನಿಂದ ಒಂದು ವರ್ಷ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಉಪಗ್ರಹದ ಮೂಲಕ ದೂರದರ್ಶನದ ಪಾಠಗಳು ಬಂದವು. ಉಪಗ್ರಹ ಅಮೆರಿಕದ್ದು, ಅವಧಿ ತೀರಿದೊಡನೆ ಆ ಪ್ರಯೋಗವೂ ಮುಗಿಯಿತು. ೨೦೨೦ರ ಮಹಾಮಾರಿಯಲ್ಲಿ ಶಾಲೆಗಳು ಮುಚ್ಚಿ ಪಾಠ ಮೊಬೈಲಿಗೆ ಸೇರಿದಾಗ, ಮೊಬೈಲಿಲ್ಲದ ಮನೆಯ ಮಗುವಿಗೆ ಶಾಲೆಯೇ ಇಲ್ಲವಾಯಿತು. ಆಗ 'ವಿದ್ಯಾಗಮ' ಯೋಜನೆಯಲ್ಲಿ ಶಿಕ್ಷಕರೇ ಊರೂರಿಗೆ ನಡೆದು, ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಕಲಿಸಿದರು. ಯಂತ್ರ ತಲುಪದಲ್ಲಿಗೆ ಗುರುವಿನ ಕಾಲು ತಲುಪಿತು.

ಮಠದ ಪ್ರಸಾದನಿಲಯಗಳಲ್ಲಿ ಉಂಡು ಓದಿ ಬೆಳೆದ ಮಹನೀಯರೇ, ನಿಮ್ಮೂರ ಶಾಲೆಗೆ ಗಣಕಯಂತ್ರವನ್ನು ಅವಶ್ಯವಾಗಿ ಕಾಣಿಕೆ ಕೊಡಿರಿ. ಕೊಡುವ ಮುನ್ನ, ಈ ಊರಿನಲ್ಲಿ ಶಾಲೆಯ ಹೊರಗುಳಿದ ಮಗು ಯಾವುದು, ಅದು ಏತಕ್ಕೆ ಹೊರಗುಳಿಯಿತು ಎಂದು ವಿಚಾರಿಸಿರಿ. ಪಂಕ್ತಿಯಲ್ಲಿ ಕೊನೆಯವನಿಗೂ ಎಡೆ ದೊರೆತಾಗಲೇ ದಾಸೋಹ ಪೂರ್ಣವಾಗುವುದು. ಅಕ್ಷರದಾಸೋಹಕ್ಕೂ ಇದೇ ನಿಯಮ.