ಹೊಸ ಊರು, ಹೊಸೂರು

ಸಮಾಸ ಪ್ರಕರಣ ಬಂದಾಗಲೆಲ್ಲ ‘ಹೆಮ್ಮರ, ಕೆಂದಾವರೆ’ ಎಂದು ಒಪ್ಪಿಸುತ್ತಿದ್ದ ನನ್ನ ವಿದ್ಯಾರ್ಥಿಮಿತ್ರರಿಗೆ ಇಂದು ತುಸು ದೂರದ ಉದಾಹರಣೆಯೊಂದನ್ನು ಕೊಡಬೇಕೆನಿಸಿದೆ. ಅದು ಬೈಬಲ್ಲಿನದು. ಆದರೆ ಅದು ತಲಪುವುದು ನಮ್ಮ ಬೆಳ್ಳೂರಿಗೇ.

ಹೊಸ ಒಡಂಬಡಿಕೆಯ ‘ಅಪೊಸ್ತಲರ ಕೃತ್ಯಗಳು’ ಭಾಗದ 16ನೆಯ ಅಧ್ಯಾಯ, 11ನೆಯ ವಚನದಲ್ಲಿ ಪೌಲನು ಹಡಗಿನಲ್ಲಿ ಹೊರಟು, ಮರುದಿನ ನೆಯಾಪೊಲಿ ಎಂಬ ರೇವುಪಟ್ಟಣವನ್ನು ಸೇರುತ್ತಾನೆ. ಇಂದಿನ ಗ್ರೀಸ್ ದೇಶದ ಕವಾಲಾ ನಗರವೇ ಅದು. ಗ್ರೀಕಿನಲ್ಲಿ ‘ನೆಯಾ’ ಎಂದರೆ ಹೊಸದು, ‘ಪೊಲಿಸ್’ ಎಂದರೆ ಪಟ್ಟಣ. ಅಚ್ಚಗನ್ನಡದಲ್ಲಿ ಹೇಳುವುದಾದರೆ, ಹೊಸೂರು.

ಸ್ವಾರಸ್ಯವಿರುವುದು ವಿಭಕ್ತಿಯಲ್ಲಿ. ಸಂಸ್ಕೃತದಂತೆ ಗ್ರೀಕಿನಲ್ಲಿಯೂ ವಿಶೇಷಣವು ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳನ್ನು ಅನುಸರಿಸುತ್ತದೆ. ಬಿಡಿಪದಗಳಾದರೆ ದ್ವಿತೀಯೆಯಲ್ಲಿ ‘ನೆಯಾನ್ ಪೊಲಿನ್’, ಸಮಾಸವಾದರೆ ‘ನೆಯಾಪೊಲಿನ್’. ‘ನವಾಂ ಪುರೀಂ’, ‘ನವಪುರೀಂ’ ಇದ್ದಂತೆಯೇ. ನಮ್ಮ ಶಾಸನಗಳ ಹಾಗೆ ಆ ಪ್ರಾಚೀನ ಹಸ್ತಪ್ರತಿಗಳಲ್ಲಿಯೂ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ಹೀಗಾಗಿ ಪದ ಒಂದೋ ಎರಡೋ ಎಂಬುದನ್ನು ನಡುವಣ ಒಂದು ನಕಾರವೇ ಹೇಳಬೇಕು. ಹಳೆಯ ಪ್ರತಿಗಳಲ್ಲಿ ಆ ನಕಾರವಿದೆ. ಅನಂತರದ ಪ್ರತಿಗಳಲ್ಲಿ ಅದು ಲೋಪವಾಗಿ ಎರಡೂ ಬೆಸೆದುಕೊಂಡಿವೆ.

ಕನ್ನಡದ ವಿಶೇಷಣಕ್ಕೆ ವಿಭಕ್ತಿಪ್ರತ್ಯಯ ಹತ್ತುವುದಿಲ್ಲ. ನಮ್ಮಲ್ಲಿ ಆ ಕೆಲಸವನ್ನು ಸಂಧಿ ಮಾಡುತ್ತದೆ. ‘ಹೊಸ ಊರಿಗೆ ಹೋದೆವು’ ಎಂದರೆ ಯಾವುದೋ ಅಪರಿಚಿತ ಊರು. ‘ಹೊಸೂರಿಗೆ ಹೋದೆವು’ ಎಂದರೆ ಕೇಳಿದವರು ‘ಯಾವ ಬಸ್ಸಿಗೆ?’ ಎನ್ನುತ್ತಾರೆ. ನಡುವಣ ಅಕಾರ ಲೋಪವಾದೊಡನೆ ವರ್ಣನೆಯು ಹೆಸರಾಯಿತು.

ಈಗ ಬೆಳ್ಳೂರನ್ನು ಇದೇ ರೀತಿ ಬಿಡಿಸಿ ನೋಡೋಣ. ‘ಬೆಳ್’ ಎಂದರೆ ಬಿಳಿದು. ಬೆಳ್ + ಉಳ್ಳಿ ಬೆಳ್ಳುಳ್ಳಿಯಾದಂತೆ, ಬೆಳ್ + ಊರು ಬೆಳ್ಳೂರು. ಸ್ವರ ಪರವಾದಾಗ ಳಕಾರಕ್ಕೆ ದ್ವಿತ್ವ. ನೆರೆಯ ಶ್ರವಣಬೆಳಗೊಳದ ‘ಬೆಳ್ಗೊಳ’ದಲ್ಲಿಯೂ ಇದೇ ಬೆಳ್ ಇದೆ. ಅಲ್ಲಿನ ಶಾಸನಗಳು ಅದನ್ನು ಧವಳಸರೋವರವೆಂದು ಸಂಸ್ಕೃತೀಕರಿಸಿವೆ.

ಹೊಯ್ಸಳರ ಕಾಲದ ಶಾಸನಗಳಲ್ಲಿ ಬೆಳ್ಳೂರಿಗೆ ಉದ್ಭವನರಸಿಂಹಪುರ ಎಂಬ ಅಗ್ರಹಾರನಾಮವೂ ಉಂಟು. ರೋಮಿನ ಚಕ್ರವರ್ತಿ ವೆಸ್ಪಾಸಿಯನ್ ಕ್ರಿ.ಶ. 72ರಲ್ಲಿ ಪ್ಯಾಲೆಸ್ಟೈನಿನಲ್ಲಿ ಕಟ್ಟಿಸಿದ ಇನ್ನೊಂದು ಹೊಸೂರಿಗೂ ಅವನ ಕುಲನಾಮ ಸೇರಿ ‘ಫ್ಲಾವಿಯಾ ನೆಯಾಪೊಲಿಸ್’ ಎಂದಾಗಿತ್ತು. ಕುಲನಾಮ ಅಳಿಯಿತು, ನೆಯಾಪೊಲಿಸ್ ಮಾತ್ರ ಜನರ ಬಾಯಲ್ಲಿ ಸವೆದು ನಾಬ್ಲುಸ್ ಆಗಿ ಉಳಿದಿದೆ. ನಮ್ಮಲ್ಲಿಯೂ ಅರಸರ ಹೆಸರು ಕಲ್ಲಿನಲ್ಲಿ ಉಳಿಯಿತು, ಬೆಳ್ಳೂರು ನಾಲಿಗೆಯಲ್ಲಿ ಉಳಿಯಿತು.

ಮಕ್ಕಳಿಗೆ ಅಜ್ಜನ ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಮಾತ್ರ ಬರೆಯಲು ಕಲಿಸಿದರೆ ಈ ಳಕಾರ, ಈ ದ್ವಿತ್ವ ಯಾವುದೂ ಕಾಣಿಸದು. ಅರ್ಥದ ದಾರಿಯೂ ಮುಚ್ಚಿಹೋಗುತ್ತದೆ. ಎಲ್ಲಿಯೇ ನೆಲೆಸಿರಿ, ಒಮ್ಮೆ ಕನ್ನಡದಲ್ಲಿ ಬರೆಯಿಸಿ, ಬಿಡಿಸಿ ಓದಿಸಿರಿ.