ಬಿಂಕದ ಪಟ್ಟು, ಬೆವರಿನ ಪಟ್ಟು

ಬೆಂಗಳೂರಿನ ಯಾವ ಏರಿಯಾಗೆ ಹೋದರೂ ಈಗ ಮಾರ್ಷಲ್ ಆರ್ಟ್ಸ್ ಕ್ಲಾಸಿನ ಬೋರ್ಡು ಒಂದಾದರೂ ಕಾಣುತ್ತೆ. ಕರಾಟೆ, ಟೇಕ್ವಾಂಡೊ, ಕ್ರಾವ್ ಮಗಾ, ಎಂಎಂಎ. ಬೋರ್ಡಿನ ಮೇಲೆ ಗಾಳಿಯಲ್ಲಿ ಹಾರಿ ಒದೆಯುವವನ ಚಿತ್ರ ಖಾಯಂ. ಸೇರಿ ತಿಂಗಳಾಗುವಷ್ಟರಲ್ಲಿ ಒಂದು ವಾದವೂ ಖಾಯಂ: ಇದೆಲ್ಲ ನಿಜವಾಗಿ ಕೆಲಸಕ್ಕೆ ಬರುತ್ತಾ, ಇಲ್ಲಾ ಬರೀ ನೋಡೋಕೆ ಚೆಂದವಾ?

ಈ ವಾದ ಇಂಟರ್‌ನೆಟ್ ಕಾಲದ್ದು ಅಂದುಕೊಂಡಿದ್ದರೆ, ನಮ್ಮ ಕಡೆ ಒಮ್ಮೆ ಬನ್ನಿ. ನಾನು ಸಂಡೂರು ತಾಲ್ಲೂಕಿನ ಬಂಡ್ರಿಯವನು. ಬೆಳಿಗ್ಗೆ ಬೈಕ್ ಹತ್ತಿದರೆ ಬಿಸಿಲೇರುವುದರೊಳಗೆ ಹಂಪಿಯ ಮಹಾನವಮಿ ದಿಬ್ಬದ ಮುಂದಿರಬಹುದು. ದಿಬ್ಬದ ಸುತ್ತ ಸಾಲುಸಾಲಾಗಿ ಕೆತ್ತಿದ ಆನೆ, ಕುದುರೆ, ಬೇಟೆ, ಕುಣಿತದ ನಡುವೆ ಕುಸ್ತಿಯ ಜೋಡಿಗಳೂ ಇವೆ. 500 ವರ್ಷದ ಹಿಂದೆ ಈ ದಿಬ್ಬದ ಮುಂದೆ ನಡೆದದ್ದನ್ನು ಇಬ್ಬರು ಪೋರ್ಚುಗೀಸರು ಬರೆದಿಟ್ಟಿದ್ದಾರೆ. ಒಬ್ಬ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ ಬಂದವನು. ಇನ್ನೊಬ್ಬ ಫೆರ್ನಾವೊ ನೂನಿಸ್, ಕುದುರೆ ವ್ಯಾಪಾರಿ, 1535ರ ಸುಮಾರಿಗೆ ಬಂದವನು.

ನವರಾತ್ರಿಯ ಹೊತ್ತಿಗೆ ಇಲ್ಲಿ ಕುಸ್ತಿ ನೋಡಿದ ಪಾಯೆಸ್‌ಗೆ ಗಾಬರಿಯೇ ಆಯಿತು. ಇದು ನಮ್ಮ ದೇಶದ ಕುಸ್ತಿಯಂತಲ್ಲ ಅನ್ನುತ್ತಾನೆ. ಹಲ್ಲು ಮುರಿಯುವ, ಕಣ್ಣು ಹೋಗುವ, ಮುಖದ ಗುರುತೇ ಕೆಡುವ ಏಟುಗಳು. ಮಾತೂ ಆಡಲಾಗದೆ ಬಿದ್ದವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರಂತೆ. ಜೋಡಿ ಸರಿಸಮ ಇದೆಯಾ ಅಂತ ನೋಡಲು, ಗೆದ್ದವನನ್ನು ಗೌರವಿಸಲು ತೀರ್ಪುಗಾರರೂ ಇದ್ದರು. ನೂನಿಸ್ ಇನ್ನೂ ವಿವರ ಕೊಡುತ್ತಾನೆ. ಹಬ್ಬಕ್ಕೆ ಸಾವಿರ ಜಟ್ಟಿಗಳು, ಕೈಯಲ್ಲಿ ಮೊನೆಗಳಿರುವ ಬಳೆಯಂಥ ಆಯುಧ, ಅದರಿಂದಲೇ ಹೊಡೆದಾಟ. ಹೆಚ್ಚು ಗಾಯಗೊಂಡವನಿಗೆ ರೇಷ್ಮೆ ಬಟ್ಟೆಯ ಉಡುಗೊರೆ.

ಇದನ್ನು ಓದಿದ ಮೈಸೂರಿನವರಿಗೆ ತಕ್ಷಣ ನೆನಪಾಗೋದು ವಜ್ರಮುಷ್ಟಿ ಕಾಳಗ. ಇಂದಿಗೂ ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಆಯುಧ ತೊಟ್ಟು ಎದುರುಬದುರಾಗುತ್ತಾರೆ. ನೆತ್ತಿಯಿಂದ ಮೊದಲ ಹನಿ ರಕ್ತ ಕಂಡ ಕೂಡಲೇ ಕಾಳಗ ಮುಗಿಯುತ್ತೆ. ನೋಡುವವರಿಗೆ ಮೈ ಜುಮ್ಮೆನ್ನುವ ಆಚರಣೆ. ಆದರೆ ಯೋಚಿಸಿ: ಇದನ್ನು ಪೂರ್ತಿ ಬಲ ಹಾಕಿ ದಿನಾ ಅಭ್ಯಾಸ ಮಾಡೋಕಾಗುತ್ತಾ? ಎರಡನೇ ದಿನಕ್ಕೆ ಜೊತೆಗಾರನೇ ಉಳಿಯಲ್ಲ.

ಇಲ್ಲೇ ನನಗೆ ಈ ಇಡೀ ವಾದದ ಗಂಟು ಕಾಣೋದು. ಯಾವ ಪಟ್ಟು ಅತಿ ಅಪಾಯಕಾರಿಯೋ ಅದನ್ನು ನಿಜವಾಗಿ ಅಭ್ಯಾಸ ಮಾಡುವ ಅವಕಾಶ ಅತಿ ಕಡಿಮೆ. ಜಪಾನಿನ ಜಿಗೊರೊ ಕಾನೊ ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡಿದ್ದ. 1882ರಲ್ಲಿ ಕೊಡೊಕಾನ್ ಶಾಲೆ ತೆರೆದಾಗ, ಹಳೆಯ ಜುಜುತ್ಸುವಿನ ಕಣ್ಣು ಕೀಳುವ, ಮೂಳೆ ಮುರಿಯುವ ವಿದ್ಯೆಗಳನ್ನು ಬಿಡಿ ಅಭ್ಯಾಸಕ್ಕೆ ಸೀಮಿತಗೊಳಿಸಿದ. ಎತ್ತಿ ಒಗೆಯುವ, ಅದುಮಿ ಹಿಡಿಯುವ ಪಟ್ಟುಗಳನ್ನು ಮಾತ್ರ ಎದುರಾಳಿಯ ಜೊತೆ ಪೂರ್ತಿ ಬಲದಲ್ಲಿ ಆಡಿಸಿದ. 'ಹಲ್ಲು ಕಿತ್ತ' ವಿದ್ಯೆ ಅಂತ ಯಾರಾದರೂ ನಗಬಹುದಿತ್ತು. ಅದೇ ದಶಕದಲ್ಲಿ ಟೋಕಿಯೊ ಪೊಲೀಸರು ಏರ್ಪಡಿಸಿದ ಪಂದ್ಯಗಳಲ್ಲಿ ಹಳೆಯ ಶಾಲೆಗಳವರನ್ನು ಸೋಲಿಸಿ ಹೆಸರು ಮಾಡಿದ್ದು ಅವನ ಶಿಷ್ಯರೇ.

ನಮ್ಮ ಗರಡಿಮನೆಗೆ ಇದು ಮೊದಲೇ ಗೊತ್ತಿತ್ತು. ಕುಸ್ತಿಯಲ್ಲಿ ಗುದ್ದುವಂತಿಲ್ಲ, ಎದುರಾಳಿಯ ಬೆನ್ನು ಮಣ್ಣಿಗೆ ತಾಗಿಸಿದರೆ ಮುಗಿಯಿತು. ಅದಕ್ಕೇ ಅದನ್ನು ದಿನಾ, ಹತ್ತು ಸಲ, ಬಲವಾಗಿ ಎದುರು ನಿಲ್ಲುವವನ ಮೇಲೇ ಅಭ್ಯಾಸ ಮಾಡಬಹುದು. ಉಳಿದದ್ದು ದಂಡೆ, ಬಸ್ಕಿ, ಗದೆ, ಕೆಮ್ಮಣ್ಣು ಅಗೆಯುವ ಕೆಲಸ. ರೀಲ್ಸ್‌ಗೆ ಹಾಕಿದರೆ ಯಾರೂ ನೋಡಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಹೆಸರಿನ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಅಂತ ಒಂದು ಭಾಗವೇ ಇದೆ. ಅಲ್ಲೂ ಭಾರ ಎತ್ತುವುದು, ನಡೆಯುವುದು, ಈಜುವುದು, ಕಂಬದ ಮೇಲಿನ ಕಸರತ್ತು, ಊಟದ ಕ್ರಮ. ಹೆಸರಿನಲ್ಲಿ 'ವಿನೋದ' ಇದೆ, ಅಂದರೆ ರಾಜನ ಮನರಂಜನೆ. ಒಳಗಿರುವುದು ಮಾತ್ರ ಬೆವರು.

ಆ ಮನರಂಜನೆಯನ್ನು ದಿಬ್ಬದ ಮೇಲೆ ಕೂತು ನೋಡುತ್ತಿದ್ದ ರಾಜ ತಾನು ಏನು ಮಾಡುತ್ತಿದ್ದ? ಇದನ್ನೂ ಪಾಯೆಸ್ ಬರೆದಿದ್ದಾನೆ, ನನಗೆ ಅವನ ಬರಹದಲ್ಲಿ ಅತಿ ಇಷ್ಟವಾದ ಭಾಗ. ಕೃಷ್ಣದೇವರಾಯ ದಿನಾ ಬೆಳಕು ಹರಿಯುವ ಮೊದಲೇ ಎದ್ದು ಸುಮಾರು 400 ಮಿ.ಲೀ. ಎಳ್ಳೆಣ್ಣೆ ಕುಡಿಯುತ್ತಿದ್ದ, ಮೈಗೂ ಅದನ್ನೇ ಹಚ್ಚಿಕೊಳ್ಳುತ್ತಿದ್ದ. ಸೊಂಟಕ್ಕೊಂದು ತುಂಡು ಬಟ್ಟೆ. ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ಎತ್ತಿ, ಆಮೇಲೆ ಕತ್ತಿ ಹಿಡಿದು, ಎಣ್ಣೆಯೆಲ್ಲ ಬೆವರಾಗಿ ಹರಿಯುವವರೆಗೂ ಸಾಮು. ನಂತರ ತನ್ನ ಜಟ್ಟಿಗಳಲ್ಲೊಬ್ಬನ ಜೊತೆ ಕುಸ್ತಿ. ಕೊನೆಗೆ ಬೆಳಗಾಗುವವರೆಗೆ ಕುದುರೆ ಸವಾರಿ. ಚಕ್ರವರ್ತಿಯ ಟೈಮ್‌ಟೇಬಲ್‌ನಲ್ಲಿ ಹಾರಿ ಒದೆಯುವ ಐಟಂ ಒಂದೂ ಇಲ್ಲ ನೋಡಿ!

ಹಾಗಂತ ಆಡಂಬರವೆಲ್ಲ ದಂಡ ಅನ್ನೋಕಾಗಲ್ಲ. ಸಾವಿರ ಜಟ್ಟಿಗಳಿಗೆ ಅನ್ನ ಹಾಕಿದ್ದೇ ಆ ಒಂಬತ್ತು ದಿನದ ಪ್ರದರ್ಶನ. ಇವತ್ತೂ ನಮ್ಮ ಕಡೆಯ ಗರಡಿಗಳು ಉಸಿರಾಡೋದು ಜಾತ್ರೆಯ ಕುಸ್ತಿಯಿಂದ. ಡೊಳ್ಳು, ಶಿಳ್ಳೆ, ಬೆಳ್ಳಿ ಕಡಗ ಇಲ್ಲದಿದ್ದರೆ ಯಾವ ಹುಡುಗ ವರ್ಷವಿಡೀ ಮಣ್ಣಲ್ಲಿ ಹೊರಳಾಡ್ತಾನೆ? ಬೋರ್ಡಿನ ಮೇಲಿನ ಹಾರುವ ಒದೆತವೂ ಅಷ್ಟೇ, ಜನರನ್ನು ಬಾಗಿಲವರೆಗೆ ಕರೆತರುತ್ತೆ. ಅಪಾಯ ಇರೋದು ಪ್ರದರ್ಶನವನ್ನೇ ಸಾಮರ್ಥ್ಯ ಅಂತ ನಂಬಿದಾಗ. 'ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಅನ್ನೋ ಗಾದೆ ಹುಟ್ಟಿದ್ದು ಅಂಥವನನ್ನು ನೋಡಿಯೇ ಇರಬೇಕು.

ಕೃಷ್ಣದೇವರಾಯನಿಗೆ ಈ ಎರಡರ ವ್ಯತ್ಯಾಸ ಗೊತ್ತಿತ್ತು. ಹಬ್ಬ ಮುಗಿದ ಮೇಲಿನ ಸೈನ್ಯದ ಪರಿಶೀಲನೆಯಲ್ಲಿ ಅವನು ಮೂರು ಬಾಣ ಬಿಡುತ್ತಿದ್ದನಂತೆ: ಬಿಜಾಪುರಕ್ಕೊಂದು, ಗೋಲ್ಕೊಂಡಕ್ಕೊಂದು, ಪೋರ್ಚುಗೀಸರಿಗೊಂದು. ಅದು ಶೋ. ನಿಜವಾದ ಯುದ್ಧ ಬಂದಾಗ, 1520ರ ರಾಯಚೂರು ಮುತ್ತಿಗೆಯಲ್ಲಿ, ಅದೇ ಪೋರ್ಚುಗೀಸರ ಕ್ರಿಸ್ತೊವಾವೊ ಡಿ ಫಿಗೆರೆದೊ ಮತ್ತು ಅವನ ಸುಮಾರು ಇಪ್ಪತ್ತು ಬಂದೂಕುಗಾರರ ನೆರವು ಪಡೆದ. ಕೋಟೆ ಗೋಡೆಯ ಮೇಲಿದ್ದವರು ತಲೆ ಎತ್ತದ ಹಾಗೆ ಅವರು ಗುಂಡು ಹಾರಿಸಿದರು, ಕೆಳಗಿದ್ದವರು ಗೋಡೆಯ ಕಲ್ಲು ಕಿತ್ತರು, ಕೋಟೆ ಬಿತ್ತು.

45 ವರ್ಷದ ನಂತರ, 1565ರ ಜನವರಿಯಲ್ಲಿ, ತಾಳಿಕೋಟೆ ಕದನ. ಫಿರಿಶ್ತಾನ ಚರಿತ್ರೆಯ ಪ್ರಕಾರ, ಯುದ್ಧ ಬಿರುಸಾದಾಗ ರಾಮರಾಯ ಪಲ್ಲಕ್ಕಿಯಿಂದಿಳಿದು ರತ್ನಖಚಿತ ಸಿಂಹಾಸನದಲ್ಲಿ ಕೂತ. ಸೈನಿಕರಿಗೆ ಇನಾಮು ಕೊಡಲು ಸುತ್ತಲೂ ಹಣದ ರಾಶಿ ಹಾಕಿಸಿದ. ಎದುರು ಪಾಳೆಯದಲ್ಲಿ ಅಹಮದ್‌ನಗರದ ಫಿರಂಗಿ ದಳದ ರೂಮಿ ಖಾನ್‌ನ ಹತ್ತಿರವೂ ನಾಣ್ಯದ ಚೀಲಗಳಿದ್ದವು, ತಾಮ್ರದವು. ಅವನು ಅದನ್ನು ಫಿರಂಗಿಯ ಬಾಯಿಗೆ ತುಂಬಿಸಿ ಹತ್ತಿರದಿಂದ ಹಾರಿಸಿದ.

ಎರಡೂ ಕಡೆ ದುಡ್ಡೇ. ಒಂದನ್ನು ತೋರಿಸಲು ಇಟ್ಟಿದ್ದರು, ಇನ್ನೊಂದನ್ನು ಬಳಸಿದರು. ಆಮೇಲೆ ಏನಾಯಿತು ಅಂತ ಹಂಪಿಯಲ್ಲಿ ಓಡಾಡಿದವರಿಗೆ ಹೇಳಬೇಕಿಲ್ಲ.

ಕ್ಲಾಸು ಸೇರೋ ಮುಂಚೆ ಗೆಳೆಯರು ನನ್ನನ್ನು ಯಾವುದು ಒಳ್ಳೇದು ಅಂತ ಕೇಳ್ತಾರೆ. ಸ್ಟೈಲಿನ ಹೆಸರು ನಾನು ಹೇಳಲ್ಲ. ಒಂದು ದಿನ ಹೋಗಿ ಮೂಲೆಯಲ್ಲಿ ಕೂತು ನೋಡ್ರಿ ಅಂತೀನಿ. ಎದುರಿಗಿರುವವನು ತಾನಾಗೇ ಬೀಳ್ತಾನಾ, ಇಲ್ಲಾ ಬೀಳಿಸೋಕೆ ಇವನು ಒದ್ದಾಡಬೇಕಾ, ಅಷ್ಟು ನೋಡಿಕೊಂಡು ಬಂದರೆ ಸಾಕು.