ಸ್ಮಾಲ್ ಬಿಸಿನೆಸ್ ಸ್ಯಾಟರ್ಡೇ

ಊರಿನ ಪೇಟೆಬೀದಿಯ ಸಣ್ಣ ಅಂಗಡಿಗಳಲ್ಲೇ ಕೊಳ್ಳುವಂತೆ ನಿವಾಸಿಗಳನ್ನು ಪ್ರೇರೇಪಿಸುವ ಅಮೆರಿಕದ ವಾರ್ಷಿಕ ಅಭಿಯಾನ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಶನಿವಾರ ನಡೆಯುತ್ತದೆ. ಹಿಂದಿನ ದಿನವಾದ ಬ್ಲ್ಯಾಕ್ ಫ್ರೈಡೇ ದೊಡ್ಡ ಮಳಿಗೆಗಳದ್ದು, ಮುಂದಿನ ಸೋಮವಾರ ಆನ್‌ಲೈನ್ ವ್ಯಾಪಾರದ್ದು. ನಡುವಿನ ದಿನ ಚಿಲ್ಲರೆ ಅಂಗಡಿಯವರ ಪಾಲಿಗೆ ಬಂತು.

ಕ್ರೆಡಿಟ್ ಕಾರ್ಡ್ ಕಂಪನಿ ಅಮೆರಿಕನ್ ಎಕ್ಸ್‌ಪ್ರೆಸ್ 2010ರ ನವೆಂಬರ್ 27ರಂದು ಇದನ್ನು ಆರಂಭಿಸಿತು. ಆರ್ಥಿಕ ಹಿಂಜರಿತದಿಂದ ಸಣ್ಣ ವ್ಯಾಪಾರಿಗಳು ಇನ್ನೂ ಚೇತರಿಸಿಕೊಳ್ಳದ ಕಾಲವದು. ಮೊದಲೇ ಹೆಸರು ನೋಂದಾಯಿಸಿದ ಕಾರ್ಡುದಾರರು ಸಣ್ಣ ಅಂಗಡಿಯಲ್ಲಿ 25 ಡಾಲರ್ ಖರ್ಚುಮಾಡಿದರೆ ಅಷ್ಟೂ ಹಣ ಅವರ ಖಾತೆಗೆ ಮರಳುತ್ತಿತ್ತು. ವ್ಯಾಪಾರಿಗಳಿಂದ ಹೆಚ್ಚು ಶುಲ್ಕ ವಸೂಲುಮಾಡುತ್ತದೆಂದೇ ಹೆಸರಾಗಿದ್ದ ಕಂಪನಿಗೆ ಇದು ಅವರ ಸ್ನೇಹ ಗಳಿಸುವ ದಾರಿಯೂ ಆಗಿತ್ತೆನ್ನಬೇಕು. 2011ರಲ್ಲಿ ಸೆನೆಟ್ ಬೆಂಬಲ ನಿರ್ಣಯ ಅಂಗೀಕರಿಸಿತು. ಅದೇ ವರ್ಷ ಅಧ್ಯಕ್ಷ ಬರಾಕ್ ಒಬಾಮ ಹೆಣ್ಣುಮಕ್ಕಳೊಂದಿಗೆ ವಾಷಿಂಗ್ಟನ್ನಿನ ಪುಸ್ತಕದಂಗಡಿಗೆ ಹೋದದ್ದು ಸುದ್ದಿಯಾಯಿತು.

ಆ ದಿನ ಬಾಗಿಲ ಗಾಜಿಗೆ ‘ಶಾಪ್ ಸ್ಮಾಲ್’ ಚೀಟಿ ಅಂಟಿರುತ್ತದೆ. ಹೊಸ್ತಿಲಲ್ಲಿ ಅದೇ ಬರಹದ ಕಾಲೊರಸು, ಗಿರಾಕಿಯ ಹೆಗಲಲ್ಲಿ ಅದೇ ಬರಹದ ಬಟ್ಟೆಚೀಲ. ಸ್ಥಳೀಯ ಅಂಗಡಿಗೆ ಕೊಟ್ಟ ಹಣ ಊರಲ್ಲೇ ಮತ್ತಷ್ಟು ಕೈ ಬದಲಿಸುತ್ತದೆಂಬುದು ಬೆಂಬಲಿಗರ ಮುಖ್ಯ ವಾದ. ಒಂದು ದಿನದ ಭರಾಟೆಯಿಂದ ವರ್ಷವಿಡೀ ಬಾಡಿಗೆ ಹುಟ್ಟದು ಎಂಬುದು ಟೀಕೆ. ಬ್ರಿಟನ್ 2013ರಿಂದ ಇದನ್ನು ಡಿಸೆಂಬರ್‌ನ ಮೊದಲ ಶನಿವಾರ ಆಚರಿಸುತ್ತಿದೆ.